ಬಿಸಿನೀರಿಗೆ ಅಕ್ಕನ ಪಾಳಿ

ಆ ದಿನದ ಕಥೆಯನ್ನು ನಮ್ಮ ಭಾವ ಈಗಲೂ ನಗುತ್ತಲೇ ಹೇಳುತ್ತಾರೆ. ಮದುವೆಯಿರಲಿ, ಸೀಮಂತವಿರಲಿ, ನಾಲ್ಕು ಜನ ಸೇರಿದರೆ ಸಾಕು, ಕೊಂಕಣದ ಬಿಸಿನೀರಿನ ಕುಂಡ, ಅಲ್ಲಿ ಹರಿದ ಕೆಂಪು ನೀರು, ತಾವು ಬೆಚ್ಚಿ ಬಿದ್ದದ್ದು, ಎಲ್ಲವನ್ನೂ ಕೈ ಬಾಯಿ ತಿರುಗಿಸಿ ಹೇಳುತ್ತಾರೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಮಾತ್ರ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಯಾಕೆಂದರೆ ಅವರು ಹೇಳುವ ಕಥೆಯಲ್ಲಿ ಅಕ್ಕ ಇರುವುದೇ ಇಲ್ಲ. ಪ್ರವಾಸ ಹೊರಟದ್ದೇ ಅಕ್ಕನ ಕೈಗಾಗಿ ಅನ್ನುವುದು ಕೇಳಿದವರಿಗೆ ಗೊತ್ತಾಗುವುದೇ ಇಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮದು ಕೂಡಿದ ಮನೆ. ಸ್ವಲ್ಪ ಕಬ್ಬು, ಒಂದಿಷ್ಟು ಎಮ್ಮೆ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನನಗೆ ಎಮ್ಮೆಯ ಹತ್ತಿರ ಹೋಗಲು ಕಲಿಸಿದವಳು ಅವಳೇ. ಊರಲ್ಲಿ ಅವಳ ಹಾಗೆ ರೊಟ್ಟಿ ಬಡಿಯುವವರು ಇರಲಿಲ್ಲ. ಪಟಪಟ ಅನ್ನುವ ಆ ಸಪ್ಪಳ ಮೂರು ಮನೆ ಆಚೆಗೆ ಕೇಳುತ್ತಿತ್ತು.

ಎರಡು ವರ್ಷದ ಹಿಂದೆ ಊರಿಗೆಲ್ಲ ಚಿಕೂನ್‌ಗುನ್ಯಾ ಬಂತು. ನಮ್ಮೆಲ್ಲರ ಜ್ವರವೂ ಬಂದ ಹಾಗೆ ಹೋಯಿತು, ಅಕ್ಕನದು ಮಾತ್ರ ಬೆರಳಿನ ಗಂಟುಗಳಲ್ಲಿ ಕುಳಿತುಬಿಟ್ಟಿತು. ಮುಂಜಾನೆ ಎದ್ದರೆ ಕೈ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಚಳಿಗಾಲದಲ್ಲಂತೂ ಕೇಳಲೇಬೇಡಿ. ಆದರೂ ಎಮ್ಮೆ ಹಿಂಡುವವಳು ಅವಳೇ. ಕರಿ ಎಮ್ಮೆಯೊಂದು ನಾನು ಕುಳಿತರೆ ಹಾಲು ಏರಿಸಿಕೊಂಡುಬಿಡುತ್ತಿತ್ತು. ಅಕ್ಕ ಹಲ್ಲು ಕಚ್ಚಿ, ಬೆರಳು ಮಡಚಲು ಬಾರದೆ ಅಂಗೈಯಿಂದಲೇ ಒತ್ತಿ ಒತ್ತಿ ಹಿಂಡುತ್ತಿದ್ದಳು. ಒಂದು ದಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದೆ, ಹಾಲಿನ ಜೊತೆಗೆ ಅವಳ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ನನ್ನನ್ನು ಕಂಡೊಡನೆ, "ಹೊಗಿ ಬಂತವ್ವಾ" ಎಂದಳು. ಕೊಟ್ಟಿಗೆಯಲ್ಲಿ ಎಲ್ಲಿಯ ಹೊಗೆ?

ಕಾಗವಾಡಕ್ಕೆ ಕೊಟ್ಟ ಅವಳ ತಂಗಿಗೂ ಅದೇ ಜ್ವರ, ಅದೇ ಬೇನೆ. ಆಕೆ ಕೊಂಕಣಕ್ಕೆ ಹೋಗಿ ಬಿಸಿನೀರಿನ ಕುಂಡದಲ್ಲಿ ಕುತ್ತಿಗೆವರೆಗೂ ಮುಳುಗಿ ಒಂದು ತಾಸು ಕುಳಿತು ಬಂದಿದ್ದಳು. ಕೈ ಹಗುರಾಗಿದೆ ಎಂದು ಫೋನಿನಲ್ಲಿ ಹೇಳಿದಳು. ಅಂದಿನಿಂದ ಅಕ್ಕನ ಮನಸ್ಸಿನಲ್ಲಿ ಆ ನೀರು ಹೊಕ್ಕಿತು. ಮನೆಯಲ್ಲಿ ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳಿದವಳಲ್ಲ ಅವಳು. ಇದನ್ನು ಕೇಳಿದಳು. ಊಟಕ್ಕೆ ಬಡಿಸುತ್ತಾ, ತಾಟಿನ ಕಡೆ ನೋಡುತ್ತಾ, "ಒಂದ ಸರ್ತಿ ಆ ನೀರಾಗ ಕುಂತ ಬರತೀನ್ರಿ" ಎಂದು ಭಾವನಿಗೆ ಹೇಳಿದಳು.

ಭಾವ ಕೂಡಲೇ ಒಪ್ಪಿದರು. ಅಲ್ಲಿಗೇ ನನಗೆ ಸಂಶಯ ಬರಬೇಕಿತ್ತು. ಮರುದಿನ ನೋಡಿದರೆ ಅಕ್ಕನ ಬಿಸಿನೀರು ಹೋಗಿ ದೇವರ ಯಾತ್ರೆ ಬಂದಿತ್ತು. "ಬರೇ ನೀರಾಗ ಕುಂಡ್ರಾಕ ಯಾರಾರ ಗಾಡಿ ಮಾಡತಾರೇನ? ಅಲ್ಲೇ ಗುಡ್ಡದ ಮ್ಯಾಲ ಈಶ್ವರನ ಗುಡಿ ಐತಂತ. ಗುಡ್ಡಾ ಹತ್ತಿ ದರ್ಶನ ಮಾಡೂಣು, ಹಂಗ ಬರೂ ಮುಂದ ನೀರಾಗ ಮುಳಗೂಣು" ಎಂದರು. ಅವರ ಇಬ್ಬರು ಗೆಳೆಯರೂ ಗಾಡಿಯಲ್ಲಿ ಸೇರಿದರು. ನನ್ನ ಗಂಡ, ಅತ್ತೆ, ಹತ್ತನೆಯ ಇಯತ್ತೆ ಓದುವ ಅಕ್ಕನ ಮಗಳು, ಅಕ್ಕ, ನಾನು. ಕಬ್ಬು ಕಡಿದು ಕಾರ್ಖಾನೆಗೆ ಹೋಗಿತ್ತು, ಜನವರಿಯ ಚಳಿ, ಗಂಡಸರಿಗೆ ಕೆಲಸವಿರಲಿಲ್ಲ. ನಮಗೆ ಇತ್ತು ಬಿಡಿ. ರಜೆ ಅಂದರೆ ಏನು ನಮಗೆ? ಮನೆಯಲ್ಲಿ ಮಾಡುವ ಅಡುಗೆಯನ್ನು ಬಯಲಲ್ಲಿ ಮಾಡುವುದು.

ನಸುಕಿನಲ್ಲಿ ಹಾಲು ಹಿಂಡಿ, ಸಂಜೆಯ ಹಾಲಿಗೆ ಪಕ್ಕದ ಮನೆಯಾಕೆಗೆ ಹೇಳಿ, ರೊಟ್ಟಿ ಬುಟ್ಟಿ ಕಟ್ಟಿಕೊಂಡು ಹೊರಟೆವು. ಗೆಳೆಯರಿಗೆ ಬಿಸಿ ಅನ್ನ, ಬದನೆಕಾಯಿ ಪಲ್ಯ ಬೇಕಂತೆ. ಅದಕ್ಕೆ ಸಣ್ಣ ಗ್ಯಾಸ್ ಸಿಲಿಂಡರನ್ನೂ ಹೇರಿದರು. ಅದು ನನ್ನ ಮತ್ತು ಅಕ್ಕನ ಕಾಲುಗಳ ನಡುವೆ ಕುಳಿತು ನಿಪ್ಪಾಣಿ ದಾಟುವವರೆಗೂ ಮೊಣಕಾಲಿಗೆ ಬಡಿಯುತ್ತಿತ್ತು.

ಭಾವ ಮುಂದಿನ ಸೀಟಿನಲ್ಲಿ ರಾಜನ ಹಾಗೆ ಕುಳಿತಿದ್ದರು. ಮಂಗಸೂಳಿಯ ಮಲ್ಲಯ್ಯ ನಮ್ಮ ಮನೆದೇವರು. ಅವನ ಹೆಸರಿನಲ್ಲಿ ಎರಚುವ ಅರಿಶಿನಪುಡಿಗೆ ಭಂಡಾರ ಅನ್ನುತ್ತೇವೆ. ಭಾವ ಭಂಡಾರದ ಚೀಲ ಬಿಟ್ಟು ಮನೆಯ ಹೊಸ್ತಿಲು ದಾಟುವವರಲ್ಲ. ಹೊಸ ಟ್ರ್ಯಾಕ್ಟರಿಗೂ ಭಂಡಾರ, ಬೋರ್‌ವೆಲ್ ನೀರಿಗೂ ಭಂಡಾರ, ಎಮ್ಮೆ ಈದರೆ ಎಮ್ಮೆಗೂ ಭಂಡಾರ. ದಾರಿಯಲ್ಲಿ ಗುಡಿಯೊಂದು ಕಂಡರೆ ಸಾಕು, "ಏಳಕೋಟಿ ಏಳಕೋಟಿಗೋ" ಎಂದು ಕಿಟಕಿಯಿಂದ ಒಂದು ಹಿಡಿ ಎರಚುವರು. ಓಡುವ ಗಾಡಿಯ ಗಾಳಿಗೆ ಅದು ದೇವರಿಗೆಲ್ಲಿ ಮುಟ್ಟಬೇಕು? ಹಿಂದಿನ ಕಿಟಕಿಯಿಂದ ನಮ್ಮ ಕಣ್ಣಿಗೇ ಬಂದು ಬೀಳುತ್ತಿತ್ತು. ಆಂಬಾ ಘಾಟು ಇಳಿಯುವಷ್ಟರಲ್ಲಿ ನಾವು ನಾಲ್ವರು ಹೆಂಗಸರೂ ಹಳದಿಯಾಗಿದ್ದೆವು. ಭಾವ ಹಿಂತಿರುಗಿ ನೋಡಿ, "ದೇವರ ಪ್ರಸಾದ, ಕಣ್ಣಿಗೆ ಛಲೋ" ಎಂದರು.

ಘಾಟು ಇಳಿದು ಸ್ವಲ್ಪ ಹೊತ್ತಿಗೆ ರಸ್ತೆಯ ಬದಿಯಲ್ಲೇ ಬಿಸಿನೀರಿನ ಕುಂಡದ ಫಲಕ ಕಂಡಿತು. ಮರಾಠಿಯಲ್ಲಿತ್ತು. ಅಕ್ಕನಿಗೆ ಓದಲು ಬರುವುದಿಲ್ಲ, ಆದರೆ ಗದ್ದೆಯ ಆಚೆ ಏಳುತ್ತಿದ್ದ ಹಬೆ ಅವಳ ಕಣ್ಣಿಗೆ ಬಿತ್ತು. "ಅದ ನೋಡ, ಅದ" ಎಂದು ನನ್ನ ತೊಡೆ ಹಿಡಿದಳು. ಚಳಿಗೆ ಅವಳ ಬೆರಳು ಒಣ ಕಟ್ಟಿಗೆಯಂತೆ ಸೆಟೆದಿದ್ದವು. ನಾನು ಗಂಡನಿಗೆ ಹೇಳಿದೆ, "ಮೊದಲ ಜಳಕ ಮಾಡಿ ಆಮ್ಯಾಲ ದೇವರ ಕಡೆ ಹೋಗೂದ ಪದ್ಧತಿ ಅಲ್ಲೇನ್ರಿ? ಇಳಸ್ರಿ ಇಲ್ಲೇ." ನಾನು ಭಾವನ ಜೊತೆ ನೇರ ಮಾತಾಡುವುದಿಲ್ಲ, ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನೆದುರು ಸೆರಗು ಹೊದ್ದು ಬಾಯಿ ಮುಚ್ಚಿರಬೇಕು. ನನ್ನ ಮಾತು ಗಂಡನ ಬಾಯಿಂದ ಹಾದು ಮುಂದಿನ ಸೀಟಿಗೆ ಹೋಯಿತು. ಅಲ್ಲಿಂದ ಉತ್ತರ ಬಂತು: "ಬಿಸಲ ಏರೂದ್ರಾಗ ಗುಡ್ಡಾ ಹತ್ತೂಣು. ನೀರ ಎಲ್ಲಿ ಓಡಿ ಹೊಕ್ಕಾವ?"

ಗಾಡಿ ನಿಲ್ಲಲಿಲ್ಲ. ಅಕ್ಕ ಹಿಂದಿನ ಗಾಜಿನಿಂದ ಹಬೆ ಮರೆಯಾಗುವವರೆಗೂ ನೋಡಿದಳು.

ಗುಡ್ಡದ ಬುಡದಲ್ಲಿ ಒಂದು ಮಾವಿನ ತೋಪು. ಅಲ್ಲಿಂದ ಮುಂದೆ ಕಾಲುದಾರಿ. ಅತ್ತೆಗೆ ಮೊಣಕಾಲು ನೋವು, ಹತ್ತಲಾರರು. ಅವರ ಜೊತೆಗೆ ಒಬ್ಬರು ಇರಬೇಕು, ಅಡುಗೆಯೂ ಆಗಬೇಕು. ಯಾರು? ಕೇಳಬೇಕೇ? "ಆಕೀಗಿ ಹೆಂಗಿದ್ರೂ ಕೈ ಬ್ಯಾನಿ, ಗುಡ್ಡಾ ಎಲ್ಲಿ ಹತ್ತತಾಳ, ಕುಂತ ಅಡಗಿ ಮಾಡ್ಲಿ" ಎಂದರು ಭಾವ. ಅಲ್ಲಾ, ಕೈಬೇನೆ ಇದ್ದವರು ಕಾಲಿಂದ ಹತ್ತುತ್ತಾರೋ ಕೈಯಿಂದಲೋ? ಕೈಬೇನೆ ಇದ್ದವರು ಬದನೆಕಾಯಿ ಹೆಚ್ಚಬಹುದು, ಗುಡ್ಡ ಹತ್ತಬಾರದು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನ್ಯಾಯ. ನಾನೂ ಇಲ್ಲೇ ಇರುತ್ತೇನೆ ಎಂದೆ. ಅತ್ತೆ ಕೇಳಲಿಲ್ಲ. ಪೂಜೆಯ ಚೀಲ ಹೊತ್ತು ಹತ್ತಲು ಹೆಣ್ಣಾಳು ಬೇಕಲ್ಲ.

ಹತ್ತಿದೆ. ಸಿಟ್ಟಿನಲ್ಲಿ ಹತ್ತಿದರೆ ಗುಡ್ಡ ಬೇಗ ಮುಗಿಯುತ್ತದೆ, ಇದು ನಾನು ಅಂದು ಕಲಿತ ಪಾಠ. ನನ್ನ ತವರಿನಲ್ಲಿ ಕುರಿ ಇದ್ದವು, ಚಿಕ್ಕಂದಿನಲ್ಲಿ ಕುರಿಯ ಹಿಂದೆ ಕಲ್ಲು ಮುಳ್ಳು ತುಳಿದ ಕಾಲು ಇವು. ದಾರಿ ತುಂಬ ಒಣ ಎಲೆ, ಎರಡೂ ಕಡೆ ದಟ್ಟ ಗಿಡ, ಕೆಳಗೆಲ್ಲೋ ಹಳ್ಳದ ಸಪ್ಪಳ. ನಮ್ಮ ಬಯಲು ಸೀಮೆಯ ಕಣ್ಣಿಗೆ ಅಷ್ಟು ಹಸಿರು ಒಮ್ಮೆಲೇ ಕಂಡರೆ ನಂಬಲಾಗುವುದಿಲ್ಲ. ಒಂದು ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದೆ. ಸಾಲು ಸಾಲು ಗುಡ್ಡ, ನೀಲಿಯ ಹಿಂದೆ ಮತ್ತೊಂದು ನೀಲಿ. ಒಂದು ಗಳಿಗೆ ಸಿಟ್ಟು ಮರೆತೆ. ಅಕ್ಕನ ಮಗಳು ಓಡಿ ಬಂದು ಪಕ್ಕದಲ್ಲಿ ನಿಂತು, "ಕಾಕು, ಅವ್ವಾ ನೋಡಬೇಕಿತ್ತ ಇದನ" ಎಂದಳು. ಮತ್ತೆ ನೆನಪಾಯಿತು.

ಗಂಡಸರು ನಮ್ಮಿಂದ ಎಷ್ಟೋ ಹಿಂದೆ. ಭಾವ ಎರಡು ಹೆಜ್ಜೆ ಇಡುವರು, ಸೊಂಟಕ್ಕೆ ಕೈ ಕೊಟ್ಟು ನಿಲ್ಲುವರು, ದಣಿವು ಗೊತ್ತಾಗಬಾರದೆಂದು ಮೊಬೈಲ್ ತೆಗೆದು ಫೋಟೋ ಹೊಡೆಯುವರು. ಒಬ್ಬ ಗೆಳೆಯ ಒಂದು ಬಂಡೆಯ ಮೇಲೆ ಕುಳಿತು, "ದಾರಿ ಸರಿ ಮಾಡಿಲ್ಲ ನೋಡ್ರಿ ಈ ಮಂದಿ" ಎಂದು ಕೊಂಕಣಿಗರನ್ನು ಬೈಯುತ್ತಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು! ನಾನು ಕೇಳುವ ಹಾಗೆ ನಕ್ಕೆ. ನನ್ನ ಗಂಡ ಕಣ್ಣಲ್ಲೇ ಗದರಿಸಿದರು, ಬಾಯಿಂದ ಗದರಿಸಲು ಅವರ ಬಳಿ ಉಸಿರಿರಲಿಲ್ಲ.

ಮೇಲೆ ಗವಿಯಂಥ ಗುಡಿ. ಒಳಗೆ ತಣ್ಣನೆಯ ಲಿಂಗ, ಎಣ್ಣೆಯ ದೀಪ. ನಾನು ಕೈ ಮುಗಿದು ಅಕ್ಕನ ಬೆರಳನ್ನಷ್ಟೇ ಬೇಡಿಕೊಂಡೆ. ಹೊರಗೆ ಬಂದರೆ ಗಂಡಸರು ಭಂಡಾರ ಆಡುತ್ತಿದ್ದರು. ಪೂಜಾರಿ ಬೇಡವೆಂದು ಮರಾಠಿಯಲ್ಲಿ ಹೇಳುತ್ತಲೇ ಇದ್ದ, ಇವರು ಹಿಡಿ ಹಿಡಿಯಾಗಿ ಒಬ್ಬರ ತಲೆ ಮೇಲೆ ಒಬ್ಬರು ಸುರಿದರು. ಬೆವರಿಗೆ ಬಿಳಿ ಅಂಗಿ, ಬನಿಯನ್ನು, ಟವೆಲು ಎಲ್ಲಕ್ಕೂ ಅರಿಶಿನ ಮೆತ್ತಿಕೊಂಡಿತು.

ಕೆಳಗಿಳಿದು ಬಂದಾಗ ಅಕ್ಕ ಕಲ್ಲಿನ ಮರೆಯಲ್ಲಿ ಸ್ಟೋವ್ ಇಟ್ಟು ಅನ್ನ ಬಸಿಯುತ್ತಿದ್ದಳು. ಪಾತ್ರೆಯ ಕಂಠವನ್ನು ಬೆರಳಿನಿಂದ ಹಿಡಿಯಲಾರದೆ ಎರಡೂ ಮುಂಗೈ ನಡುವೆ ಅರಿವೆ ಸುತ್ತಿ ಅವುಚಿಕೊಂಡಿದ್ದಳು. ಅತ್ತೆ ಗಿಡಕ್ಕೆ ಒರಗಿ ಕುಳಿತು ಉಪ್ಪು ಹಾಕಿದೆಯೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ನಾನು ಓಡಿಹೋಗಿ ಪಾತ್ರೆ ಕಸಿದುಕೊಂಡೆ. "ನನ್ನ ಬೈಯಬ್ಯಾಡಬೇ, ಆತ ಎಲ್ಲಾ. ಉಂಡ ಕೂಡಲೇ ಹೋಗೂದ ಅಂದಾರಲ್ಲ ನೀರಿಗಿ?" ಎಂದು ಅಕ್ಕ ನನ್ನನ್ನೇ ಸಮಾಧಾನ ಮಾಡಿದಳು.

ಉಂಡರು. ಎರಡೆರಡು ಸಲ ಬಡಿಸಿಕೊಂಡು ಉಂಡರು. ಉಂಡ ಕೂಡಲೇ ಹೊರಟರೇ? ಟವೆಲು ಹಾಸಿ ಮಾವಿನ ಗಿಡದ ಕೆಳಗೆ ಅಡ್ಡಾದರು. ಗುಡ್ಡ ಹತ್ತಿದ ದಣಿವಂತೆ. ಭಾವನ ಗೊರಕೆ ತೋಪಿನ ತುಂಬ ಕೇಳುತ್ತಿತ್ತು. ನಾವು ಪಾತ್ರೆ ತಿಕ್ಕಿ ಚೀಲಕ್ಕೆ ತುಂಬಿ ಗಾಡಿಯ ಬಳಿ ನಿಂತೇ ಇದ್ದೆವು. ಅಕ್ಕ ಒಮ್ಮೆ ಸೂರ್ಯನನ್ನು ನೋಡುವಳು, ಒಮ್ಮೆ ಮಲಗಿದವರನ್ನು. ಎಬ್ಬಿಸುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ನಾನು ಖಾಲಿ ಪಾತ್ರೆಯೊಂದನ್ನು ಕೈಜಾರಿದಂತೆ ಮಾಡಿ ಕಲ್ಲಿನ ಮೇಲೆ ಬೀಳಿಸಿದೆ. ಎದ್ದರು.

ಕುಂಡಕ್ಕೆ ಬಂದಾಗ ಬಿಸಿಲು ಇಳಿದಿತ್ತು. ನಡುವೆ ಗೋಡೆ, ಆಚೆ ಗಂಡಸರ ಕುಂಡ, ಈಚೆ ಹೆಂಗಸರದು. ಬುಗ್ಗೆಯ ನೀರು ಮೊದಲು ಅವರ ಕುಂಡಕ್ಕೆ, ಅಲ್ಲಿ ತುಂಬಿ ಉಳಿದದ್ದು ಗೋಡೆಯ ಕೆಳಗಿನ ಕಂಡಿಯಿಂದ ನಮಗೆ. ಇರಲಿ, ಬಿಸಿಯಂತೂ ಇತ್ತು. ಗಂಧಕದ ವಾಸನೆ, ಮೇಲೆ ತೆಳ್ಳನೆಯ ಹಬೆ. ನೀರಿನೊಳಗೆ ಸಾಬೂನು ಹಚ್ಚಬಾರದು ಎಂದು ಬರೆದಿತ್ತು. ಬಟ್ಟೆ ಒಗೆಯಲು ಹೊರಹರಿಯುವ ಕಾಲುವೆಯ ಪಕ್ಕ ಬೇರೆ ಕಲ್ಲು.

ಅಕ್ಕ ಸೀರೆಯಲ್ಲೇ ಮೆಟ್ಟಿಲಿಳಿದಳು. ಮೊಣಕಾಲು, ಸೊಂಟ, ಎದೆ. ಕುತ್ತಿಗೆವರೆಗೂ ಮುಳುಗಿ ಕಣ್ಣು ಮುಚ್ಚಿದಳು. "ಹಾ... ಯವ್ವಾ" ಎಂದು ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟಳು. ಮಗಳು ಅವಳ ಪಕ್ಕ ಕುಳಿತು ನೀರೊಳಗೇ ತಾಯಿಯ ಬೆರಳು ಒಂದೊಂದಾಗಿ ನೀವತೊಡಗಿದಳು. ಅತ್ತೆ, "ನನಗ್ಯಾಕ ಬೇ ಈ ವಯಸ್ಸಿನ್ಯಾಗ" ಎಂದು ಮೇಲಿನ ಮೆಟ್ಟಿಲ ಮೇಲೆ ಒಣ ಸೀರೆಯಲ್ಲಿ ಕುಳಿತರು. ನಾನು ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಗೋಡೆಯ ಆಚೆಯಿಂದ ಬಟ್ಟೆ ಹಾರಿ ಬಂದವು. ಒಂದು, ಎರಡು, ಮೂರು. ಬೆವರಿನ ಅಂಗಿ, ಬನಿಯನ್ನು. ಹಿಂದೆಯೇ ಭಾವನ ದನಿ: "ಬಿಸಿ ನೀರ ಅದಾವ, ಒಂದೀಟ ತಿಕ್ಕಿ ಹಾಕ್ರಿ!"

ಅಕ್ಕ ಏಳಲು ಹೋದಳು. "ಎದ್ದಿ ಅಂದ್ರ ನೋಡ ಮತ್ತ" ಎಂದು ಗದರಿಸಿ ನಾನೇ ಕಲ್ಲಿನ ಹತ್ತಿರ ಕುಳಿತೆ. ಸಾಬೂನು ಹಚ್ಚಿ ಅವರ ಬಟ್ಟೆಯಲ್ಲ, ಅವರನ್ನೇ ಬಡಿಯುವ ಹಾಗೆ ಬಡಿದೆ. ಭಂಡಾರ ಮೆತ್ತಿದ ಬಟ್ಟೆಗೆ ಸಾಬೂನು ಬಿದ್ದರೆ ಏನಾಗುತ್ತದೆ? ಅರಿಶಿನ ಕಲೆಯ ಬಟ್ಟೆ ಒಗೆದ ಯಾವ ಹೆಣ್ಣುಮಗಳನ್ನಾದರೂ ಕೇಳಿ. ಕೆಂಪಾಗುತ್ತದೆ. ಕುಂಕುಮ ಕದಡಿದಷ್ಟು ಕೆಂಪು. ಆ ಕೆಂಪು ನೊರೆ ಕಾಲುವೆಗಿಳಿದು, ಗೋಡೆಯ ಬುಡದಿಂದ ಹೊರಗೆ ಗಂಡಸರ ದಾರಿಯ ಕಡೆ ಹರಿಯಿತು.

ಗಂಡಸರು ಹತ್ತು ನಿಮಿಷಕ್ಕೇ ಮುಳುಗಿ ಎದ್ದು ಹೊರಗೆ ನಿಂತಿದ್ದರು. ಒಮ್ಮೆಲೇ ಭಾವ ಕೂಗಿದರು. "ಏನಿದು? ಏನಿದು ಹರಿಯಾಕತ್ತಿದ್ದು? ಎಲ್ಲಾರೂ ಹೊರಗ ಬರ್ರಿ ಮೊದಲ!"

ನನಗೆ ಕ್ಷಣ ಹೊತ್ತು ಅರ್ಥವೇ ಆಗಲಿಲ್ಲ. ಮುಂದಿನ ಮಾತು ಬಂತು: "ದೇವರ ಕೆಲಸಕ್ಕ ಬಂದೀವಿ. ಮುಟ್ಟಾಗಿದ್ರ ಮನ್ಯಾಗ ಇರಬೇಕೋ ಬ್ಯಾಡೋ? ಗುಡಿ ಮಟಾ ಹತ್ತಿ ಬಂದಾರ! ಯಾರದು, ಹೇಳ್ರಿ!"

ಗುಡಿಗೆ ಹತ್ತಿದ ಹೆಣ್ಣು ಎಂದರೆ ನಾನು ಮತ್ತು ಆ ಹುಡುಗಿ, ಇಬ್ಬರೇ. ಹೊರಗೆ ಆ ಇಬ್ಬರು ಗೆಳೆಯರು, ಗಾಡಿಯ ಡ್ರೈವರು, ಬೇರೆ ಊರಿನ ನಾಲ್ಕು ಗಂಡಸರು ನಿಂತಿದ್ದಾರೆ. ಅವರೆಲ್ಲರ ಮುಂದೆ ಈ ಮನುಷ್ಯ ಸ್ವಂತ ಮಗಳ, ತಮ್ಮನ ಹೆಂಡತಿಯ ಮೈಯ ಲೆಕ್ಕ ಕೇಳುತ್ತಿದ್ದಾರೆ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿಬಿಟ್ಟರು.

ಅತ್ತೆ ಹುಡುಗಿಯ ಕಡೆ ತಿರುಗಿದರು. "ನೀ ಏನ ಲೇ?"

"ಇಲ್ಲ ಆಯಿ, ಖರೇನ ಇಲ್ಲ" ಎಂದು ಆ ಕೂಸು ನೀರಲ್ಲೇ ಅಳತೊಡಗಿತು.

ನನಗೆ ಭಾವನಿಗಿಂತ ಅತ್ತೆಯ ಮೇಲೆ ಹೆಚ್ಚು ಸಿಟ್ಟು ಬಂತು. ಭಾವ ಹುಟ್ಟಿದಾಗಿನಿಂದ ಒಂದು ಕರವಸ್ತ್ರ ಒಗೆದವರಲ್ಲ, ಅವರಿಗೆ ಗೊತ್ತಿಲ್ಲ. ಆದರೆ ಅತ್ತೆ? ಮಾವನವರ, ಮಕ್ಕಳ ಭಂಡಾರದ ಬಟ್ಟೆ ಒಗೆದೇ ಕೈ ಸವೆಸಿದವರು. ನನ್ನ ಕೈಯಲ್ಲಿದ್ದ ಕೆಂಪು ನೊರೆಯ ಅಂಗಿ ಅವರ ಕಣ್ಣೆದುರಿಗೇ ಇತ್ತು. ಮಗನಿಗೆ ಎದುರು ಹೇಳುವುದಕ್ಕಿಂತ ಮೊಮ್ಮಗಳನ್ನು ಅಳಿಸುವುದು ಅವರಿಗೆ ಸುಲಭವಾಯಿತು.

ಇಷ್ಟರಲ್ಲಿ ಅಕ್ಕ ಎದ್ದು ಹೊರಗೆ ಬಂದಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಗಂಡ ಕೂಗಿದರೆ ಏಳಬೇಕು, ಎದ್ದಳು ಅಷ್ಟೇ. ಒದ್ದೆ ಸೀರೆಯಲ್ಲಿ ಗಾಳಿಗೆ ಗಡಗಡ ನಡುಗುತ್ತಿದ್ದಳು. ನೀರಲ್ಲಿ ಆಗತಾನೇ ಸಡಿಲವಾಗುತ್ತಿದ್ದ ಬೆರಳುಗಳು ಮತ್ತೆ ಸೆಟೆಯತೊಡಗಿದ್ದವು.

ನಾನು ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದೆ, ಸಾಬೂನು ಹಿಡಿದು ಗೋಡೆಯ ಆಚೆ ಹೋದೆ. ಮದುವೆಯಾಗಿ ಬಂದಾಗಿನಿಂದ ಭಾವನ ಮುಖ ನೋಡಿ ಮಾತಾಡಿದವಳಲ್ಲ, ಅಂದು ಆಡಿದೆ.

"ಭಾವಾರ, ಆ ಟವೆಲ್ ಕೊಡ್ರಿ ಇಲ್ಲಿ."

ಅವರು ಬೆರಗಾಗಿ ನಿಂತರು. ನಾನೇ ಅವರ ಹೆಗಲಿನಿಂದ ಟವೆಲು ಎಳೆದುಕೊಂಡೆ. ಹಳದಿ ಮೆತ್ತಿದ ಕಡೆ ನೀರು ಹಾಕಿ ಸಾಬೂನು ತಿಕ್ಕಿದೆ. ಎಲ್ಲರ ಕಣ್ಣೆದುರಿಗೆ ಅದು ಕೆಂಪಗೆ ಕುದಿಯಿತು.

"ನೋಡ್ರಿ. ನೀವ ಎರಚಿದ ಭಂಡಾರ, ನೀವ ಗ್ವಾಡಿ ಮ್ಯಾಲಿಂದ ಒಗದ ಅಂಗಿ, ನೀವ ಒಗಿಯಾಕ ಹೇಳಿದ್ದು. ಈಗ ಹೇಳ್ರಿ, ಯಾರ ಮುಟ್ಟಾಗ್ಯಾರ? ನಿಮ್ಮ ಟವೆಲ್ಲೋ?"

ಒಬ್ಬ ಗೆಳೆಯ ಫುಸ್ಸನೆ ನಕ್ಕ. ಮತ್ತೊಬ್ಬ ನಕ್ಕ. ಭಾವ ಕೆಂಪು ಟವೆಲನ್ನೂ ನನ್ನನ್ನೂ ನೋಡಿದರು, ಅವರೂ ನಗತೊಡಗಿದರು. "ಹಂಗೇನ ಇದು! ಹಾಂ? ಸಾಬೂನಿಗಿ ಹಿಂಗ ಆಕ್ಕೈತೇನ! ನಾ ಅಂಜೇ ಬಿಟ್ಟಿದ್ನೆಪಾ." ಗೆಳೆಯರ ಬೆನ್ನು ತಟ್ಟಿ ತಟ್ಟಿ ನಕ್ಕರು. ನನ್ನ ಗಂಡನೂ ಜೊತೆಗೆ ಹಲ್ಲು ಕಿರಿದರು. ಅವರಿಗೆ ಆ ಹಲ್ಲಿನ ಲೆಕ್ಕವನ್ನು ಮನೆಗೆ ಹೋದ ಮೇಲೆ ಕೊಟ್ಟಿದ್ದೇನೆ, ಅದು ಬೇರೆ ಮಾತು.

ಮಗಳಿಗೆ ಒಂದು ಮಾತು? ತಪ್ಪಾಯಿತು, ಅಳಬೇಡ ಅನ್ನುವ ಒಂದು ಮಾತು? ಇಲ್ಲ. ನಗು ಮುಗಿದದ್ದೇ ಭಾವ ಕೈಗಡಿಯಾರ ನೋಡಿದರು. "ಆತ ಬಿಡ್ರಿ, ನಡೀರಿ ನಡೀರಿ. ತಡಾ ಆದ್ರ ಕೊಲ್ಲಾಪುರದಾಗ ರಸ್ಸಾ ಖಾಲಿ ಆಕ್ಕೈತಿ." ಮುಂಜಾನೆಯಿಂದಲೇ ಗೊತ್ತು ಮಾಡಿಕೊಂಡಿದ್ದರಂತೆ, ಊರಿಗೆ ಮರಳುವಾಗ ಕೊಲ್ಹಾಪುರದ ಖಾನಾವಳಿಯಲ್ಲಿ ಮಟನ್ನು, ತಾಂಬಡಾ ರಸ್ಸಾ ಅನ್ನುವ ಖಾರದ ಕೆಂಪು ಸಾರು. ಘಾಟು ಹತ್ತಿದರೆ ದೇವರ ಹದ್ದು ಮುಗಿಯುತ್ತದಂತೆ, ಆಮೇಲೆ ತಿನ್ನಬಹುದಂತೆ. ಆಹಾ, ಎಂಥ ಭಕ್ತಿ!

"ಅಕ್ಕ ಇನ್ನೂ ಸರಿಯಾಗಿ ಕುಂತೇ ಇಲ್ರಿ" ಎಂದೆ.

"ಮುಳಗಿ ಎದ್ದಾಳಲ್ಲ, ಸಾಕಲ್ಲ. ನೀರ ಅಂದ್ರ ನೀರ. ಇನ್ನೊಂದ ಸರ್ತಿ ಬಂದ್ರಾತು."

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನೀರಿನ ಸಪ್ಪಳ ಕೇಳಿತು. ತಿರುಗಿ ಒಳಗೆ ಓಡಿದೆ. ಅಕ್ಕ ಮೆಟ್ಟಿಲಿಳಿಯುತ್ತಿದ್ದಳು. ಯಾರನ್ನೂ ನೋಡಲಿಲ್ಲ. ಮೊದಲು ಕುಳಿತಿದ್ದ ಜಾಗಕ್ಕೇ ಹೋಗಿ ಕುತ್ತಿಗೆವರೆಗೂ ಮುಳುಗಿ ಕುಳಿತಳು. ಅಳುತ್ತಿದ್ದ ಮಗಳನ್ನು ಎಳೆದು ಮಗ್ಗುಲಿಗೆ ಕೂರಿಸಿಕೊಂಡಳು.

"ಏಳ ಬೇ, ಕರಿಯಾಕತ್ತಾನ" ಎಂದರು ಅತ್ತೆ.

"ನಾ ಬರಂಗಿಲ್ರಿ ಅತ್ತಿ" ಎಂದಳು ಅಕ್ಕ. ದನಿ ಏರಿಸಲಿಲ್ಲ. "ನನ್ನ ಕೈ ಸಲುವಾಗಿ ಬಂದೇನಿ. ಕೈ ಸುದ್ದ ಆದಮ್ಯಾಲ ಬರತೀನಿ."

ಹೊರಗೆ ಹಾರ್ನು ಹೊಡೆಯಿತು. ಒಮ್ಮೆ, ಎರಡು ಸಲ. ಆಮೇಲೆ ಗೋಡೆಯ ಆಚೆ ಭಾವನೇ ಬಂದು ನಿಂತರು. ಈಗ ನಗುವಿರಲಿಲ್ಲ. "ಬರತೀರೋ ಇಲ್ಲೋ? ನಾವು ಹೊಕ್ಕೀವಿ ನೋಡ್ರಿ. ಬಸ್ಸಿಗೆ ಬರ್ರಿ ಆಮ್ಯಾಲ!"

ನಾನೂ ನೀರಿಗಿಳಿದೆ. ಅಲ್ಲಿಗೆ ಮೂವರಾದೆವು. ಅತ್ತೆ ಮೆಟ್ಟಿಲ ಮೇಲೆ ಎದ್ದು ನಿಂತರು. ಬಾಗಿಲ ಕಡೆ ನೋಡಿದರು, ನಮ್ಮ ಕಡೆ ನೋಡಿದರು. ಈಗ ಹೋಗಿ ಗಾಡಿ ಹತ್ತುತ್ತಾರೆ, ನಾಳೆ ಓಣಿಯ ತುಂಬ ಸೊಸೆಯಂದಿರ ಸೊಕ್ಕಿನ ಮಾತಾಡುತ್ತಾರೆ ಎಂದುಕೊಂಡು ನಾನು ಹಲ್ಲು ಕಚ್ಚಿದೆ. ಅವರು ಸೀರೆಯ ನೆರಿಗೆ ಹಿಡಿದುಕೊಂಡರು. ಒಂದು ಮೆಟ್ಟಿಲು ಇಳಿದರು. ಇನ್ನೊಂದು. ಊರಿಂದ ಉಟ್ಟು ಬಂದ ಆ ಇಳಕಲ್ಲ ಸೀರೆಯ ಸಮೇತ ಸೊಂಟದವರೆಗೂ ನೀರಿಗೆ ಬಂದು, ಉಸ್ಸೆಂದು ಕುಳಿತರು.

"ನನಗೂ ಮೊಣಕಾಲ ಅದಾವು" ಎಂದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂಗಿದರು, "ನಿಮ್ಮವ್ವಾನೂ ಇಲ್ಲೇ ಕುಂತಾಳಪಾ! ಬಿಟ್ಟ ಹೋಗಾವ ಇದ್ರ ಹೋಗ!"

ಹಾರ್ನು ಮತ್ತೆ ಕೇಳಲಿಲ್ಲ. ತಾಯಿಯನ್ನು ಬಿಟ್ಟು ಹೋಗಿ ರಸ್ಸಾ ತಿಂದ ಎಂದು ಊರಿಗೆ ಗೊತ್ತಾದರೆ ತಲೆ ಎತ್ತಿ ತಿರುಗಲಾಗುತ್ತದೆಯೇ?

ಮಗನಿಗೆ ಇಂಥ ಎದುರು ಮಾತನ್ನು ಅರ್ಧ ತಾಸು ಮೊದಲೇ ಆಡಿದ್ದರೆ ಹುಡುಗಿ ಅಳುತ್ತಿರಲಿಲ್ಲ ಎಂದು ಅತ್ತೆಗೆ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಕೈ ಚಾಚಿ ಮೊಮ್ಮಗಳ ತಲೆ ಸವರಿದರು. ಒಂದು ತಾಸು ಕುಳಿತೆವು. ನೀರೊಳಗೆ ಅಕ್ಕ ಬೆರಳು ಮಡಚುವಳು, ಬಿಡಿಸುವಳು. ಕೊನೆಗೆ ಬಲಗೈ ಮುಷ್ಟಿ ಪೂರ್ತಿ ಕಟ್ಟಿತು. ಅದನ್ನು ನೀರಿಂದ ಮೇಲೆತ್ತಿ ತಿರುಗಿಸಿ ತಿರುಗಿಸಿ ನೋಡಿದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ಇಷ್ಟ ಬಿಸಿ ನೀರ ನಮ್ಮ ಮನ್ಯಾಗೂ ಇರತಾವ ನೋಡ" ಎಂದಳು. "ದಿನಾ ನಸುಕಿನ್ಯಾಗ ಎದ್ದ ಹಂಡೆಕ್ಕ ಉರಿ ಹಚ್ಚಾಕಿ ನಾನ. ಎಲ್ಲಾರದೂ ಜಳಕ ಆಗಿ, ಎಮ್ಮಿ ಸಗಣಿ ಎಲ್ಲಾ ತೀರಿಸಿ ನನ್ನ ಪಾಳಿ ಬರೂದ್ರಾಗ ತಣ್ಣಗಾಗಿರತಾವ. ಅದನ್ನ ಹುಡುಕ್ಕೊಂತ ಇಲ್ಲಿ ಮಟಾ ಬಂದ್ನಿ ನೋಡ."

ಅತ್ತೆ ನೀರು ನೋಡುತ್ತಾ ಕುಳಿತರು. ಅವತ್ತಿನ ನನ್ನ ಎಲ್ಲ ಸಿಟ್ಟಿಗಿಂತ ಆ ಮಾತಿನ ಸಿಟ್ಟೇ ದೊಡ್ಡದು, ಈಗಲೂ ಇದೆ. ಘಾಟು ಇಳಿದು, ದೇವರು, ದೆವ್ವ, ಗೆಳೆಯರು, ಸಿಲಿಂಡರು ಎಲ್ಲ ಹೇರಿಕೊಂಡು ಬಂದದ್ದು ಯಾವುದಕ್ಕೆ? ನಮ್ಮ ಹಿತ್ತಿಲ ಬಚ್ಚಲಲ್ಲಿ ದಿನವೂ ಕುದಿಯುವ ಒಂದು ಬಕೆಟ್ ನೀರಿಗೆ!

ಮರುದಿನ ನಾನು ಎದ್ದು ಹಿತ್ತಿಲಿಗೆ ಹೋದಾಗ ಹಂಡೆಯ ಕೆಳಗೆ ಉರಿ ಚೆನ್ನಾಗಿ ಹತ್ತಿತ್ತು. ಅಕ್ಕ ಮಣೆಯ ಮೇಲೆ ಕುಳಿತಿದ್ದಳು. ಮೊದಲ ಬಕೆಟ್ ತುಂಬಿಕೊಂಡು ಎರಡೂ ಕೈಗಳನ್ನು ಮೊಣಕೈವರೆಗೂ ಮುಳುಗಿಸಿದ್ದಳು. ಕೊಟ್ಟಿಗೆಯಲ್ಲಿ ಕರಿ ಎಮ್ಮೆ ಒದರುತ್ತಿತ್ತು, ಒದರಲಿ ಎಂದು ಬಿಟ್ಟಿದ್ದಳು. ಭಾವ ಹೆಗಲಿಗೆ ಟವೆಲು ಹಾಕಿಕೊಂಡು ಬಂದರು.

"ನೀರ ಕಾದಾವೇನ?"

"ಕಾದಾವ್ರಿ" ಎಂದಳು ಅಕ್ಕ, ಕೈ ತೆಗೆಯದೆ. "ನಂದ ಆಗ್ಲಿ, ಕುಂಡರ್ರಿ."

ಭಾವ ತಾಯಿಯ ಕಡೆ ನೋಡಿದರು. ಅತ್ತೆ ಬಾಗಿಲಲ್ಲಿ ಕುಳಿತು ಹಲ್ಲಿಗೆ ತಂಬಾಕಿನ ಮಿಶ್ರಿ ಪುಡಿ ತಿಕ್ಕುತ್ತಿದ್ದರು. ಪಕ್ಕಕ್ಕೆ ಉಗುಳಿ, "ಕುಂಡ್ರಪಾ, ಆಕೀದ ಆಗ್ಲಿ" ಎಂದರು.

ಭಾವ ಕಟ್ಟೆಯ ಮೇಲೆ ಕುಳಿತರು.